ಸ್ಪ್ಯಾನಿಷ್ ಆಜ್ಞಾರೂಪ ಕಲಿಯುವವರಿಗೆ ಅಕಾಡೆಮಿಯ ಉಚಿತ ನಿಘಂಟು ಎಷ್ಟು ನೆರವಾಗುತ್ತದೆ?

ಸ್ಪ್ಯಾನಿಷ್ ಕ್ರಿಯಾಪದಗಳ ರೂಪಗಳನ್ನು ಪಟ್ಟಿ ಮಾಡಿ ತೋರಿಸುವ ತಾಣಗಳಿಗೂ ಮೊಬೈಲ್ ಆ್ಯಪ್‌ಗಳಿಗೂ ಕೊರತೆಯಿಲ್ಲ. ಅವುಗಳಲ್ಲಿ ಕೆಲವು ಚಂದಾ ಕೇಳುತ್ತವೆ, ಹಲವು ಜಾಹೀರಾತುಗಳ ನಡುವೆ ಪಾಠವನ್ನು ಹುಡುಕಿಸುತ್ತವೆ. ಇವೆಲ್ಲವುಗಳ ಪಕ್ಕದಲ್ಲಿ, ಬಹುತೇಕ ವಿದ್ಯಾರ್ಥಿಗಳ ಕಣ್ಣಿಗೆ ಬೀಳದೆ, ಒಂದು ಕಾಸೂ ಕೇಳದೆ ನಿಂತಿರುವ ಸೇವೆಯೊಂದಿದೆ: ಮದ್ರಿದ್‌ನ ರೆಯಾಲ್ ಅಕಾಡೆಮಿಯಾ ಎಸ್ಪಾನ್ಯೋಲಾ, ಅಂದರೆ ಸ್ಪ್ಯಾನಿಷ್ ಭಾಷೆಯ ರಾಜ ಅಕಾಡೆಮಿ, ತನ್ನ ನಿಘಂಟಿನೊಂದಿಗೆ ಅಂತರ್ಜಾಲದಲ್ಲಿ ಒದಗಿಸಿರುವ ಕ್ರಿಯಾರೂಪಾವಳಿ. 1713ರಲ್ಲಿ ಸ್ಥಾಪನೆಯಾದ ಈ ಅಕಾಡೆಮಿ 1780ರಲ್ಲಿ ಒಂದೇ ಸಂಪುಟದ ನಿಘಂಟನ್ನು ಮೊದಲ ಬಾರಿಗೆ ಹೊರತಂದಿತು. 23ನೆಯ ಆವೃತ್ತಿ 2014ರಲ್ಲಿ ಪ್ರಕಟವಾಯಿತು, 2017ರಿಂದ ಅದರ ಅಂತರ್ಜಾಲ ಪಠ್ಯ ವರ್ಷವರ್ಷವೂ ಪರಿಷ್ಕಾರಗೊಳ್ಳುತ್ತಿದೆ. ಇಡೀ ನಿಘಂಟನ್ನು ಅಳೆಯುವುದು ಇಲ್ಲಿನ ಉದ್ದೇಶವಲ್ಲ. ನಿಯಮಿತ ಕ್ರಿಯಾಪದಗಳಿಂದ 'ಮಾಡು', 'ಮಾಡಿ' ಎಂಬಂಥ ವಿಧಿರೂಪಗಳನ್ನು ಕಟ್ಟಲು ಮತ್ತು ಬಳಸಲು ಕಲಿಯುತ್ತಿರುವ ಕನ್ನಡಿಗರಿಗೆ ಈ ಸೇವೆ ಎಷ್ಟರ ಮಟ್ಟಿಗೆ ಒದಗಿಬರುತ್ತದೆ ಎಂಬುದನ್ನಷ್ಟೇ ನೋಡುತ್ತೇನೆ. 'ಮಾಡಬೇಡ' ಎಂಬ ನಿಷೇಧದ ವಿಷಯ ಬೇರೆಯದೇ ಆದುದರಿಂದ ಅದನ್ನು ಬಿಟ್ಟಿದ್ದೇನೆ.

ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಒಂದು ಕ್ರಮವನ್ನು ಅನುಸರಿಸಿದ್ದೇನೆ. ಒತ್ತು ಬೀಳುವ ಸ್ವರವನ್ನು ದೀರ್ಘವಾಗಿಯೂ ಉಳಿದವನ್ನು ಹ್ರಸ್ವವಾಗಿಯೂ ಬರೆದಿದ್ದೇನೆ. ಸ್ಪ್ಯಾನಿಷ್‌ನಲ್ಲಿ ಹ್ರಸ್ವ ದೀರ್ಘಗಳ ಭೇದ ನಮ್ಮಲ್ಲಿರುವಂತೆ ಅರ್ಥವನ್ನು ಬದಲಿಸುವುದಿಲ್ಲ, ಆದರೆ ಒತ್ತು ಬದಲಿಸುತ್ತದೆ; ಆಜ್ಞಾರೂಪಗಳ ಮಟ್ಟಿಗಂತೂ ಒತ್ತು ತಪ್ಪಿದರೆ ಯಾರನ್ನು ಉದ್ದೇಶಿಸಿ ಹೇಳಿದ್ದೆಂಬುದೇ ಬದಲಾಗಬಹುದು.

ನಿಘಂಟಿನಲ್ಲಿ 'ಮಾತಾಡು' ಎಂಬ ಅರ್ಥದ 'ಅಬ್ಲಾರ್' ಕ್ರಿಯಾಪದವನ್ನು ತೆರೆದು ರೂಪಾವಳಿಗೆ ಹೋದರೆ, ವರ್ತಮಾನ, ಭೂತ, ಭವಿಷ್ಯತ್ತುಗಳೆಲ್ಲ ಮುಗಿದು, ಸಂಭಾವನಾರೂಪಗಳೂ ಮುಗಿದು, ಕಟ್ಟಕಡೆಗೆ ಆಜ್ಞಾರೂಪದ ಪುಟ್ಟ ಪಟ್ಟಿ ಸಿಗುತ್ತದೆ. ಅಲ್ಲಿರುವುದು ನಾಲ್ಕೇ ಸಾಲು. ಆತ್ಮೀಯ ಏಕವಚನವಾದ 'ತೂ'ಗೆ 'ಆಬ್ಲ'. ಅದೇ ಸಾಲಿನಲ್ಲಿ ಓರೆಗೆರೆಯ ಆಚೆಗೆ 'ಬೋಸ್' ಎಂಬ ಇನ್ನೊಂದು ಆತ್ಮೀಯ ಸರ್ವನಾಮಕ್ಕೆ 'ಅಬ್ಲಾ'. ಗೌರವದ ಏಕವಚನ 'ಉಸ್ತೇದ್'ಗೆ 'ಆಬ್ಲೆ'. ಸ್ಪೇನಿನಲ್ಲಿ ಆತ್ಮೀಯರಾದ ಹಲವರನ್ನು ಕರೆಯುವ 'ಬೊಸೋತ್ರೊಸ್'ಗೆ 'ಅಬ್ಲಾದ್'. ಗೌರವದ ಬಹುವಚನ 'ಉಸ್ತೇದೆಸ್'ಗೆ 'ಆಬ್ಲೆನ್'. 'ತಿನ್ನು' ಎಂಬರ್ಥದ 'ಕೊಮೇರ್' ಇದೇ ಕ್ರಮದಲ್ಲಿ 'ಕೋಮೆ', 'ಕೊಮೇ', 'ಕೋಮ', 'ಕೊಮೇದ್', 'ಕೋಮನ್' ಎಂದೂ, 'ತೆರೆ' ಎಂಬರ್ಥದ 'ಅಬ್ರೀರ್' 'ಆಬ್ರೆ', 'ಅಬ್ರೀ', 'ಆಬ್ರ', 'ಅಬ್ರೀದ್', 'ಆಬ್ರನ್' ಎಂದೂ ನಡೆಯುತ್ತವೆ. ಸ್ಪ್ಯಾನಿಷ್‌ನ ನಿಯಮಿತ ಕ್ರಿಯಾಪದಗಳೆಲ್ಲ 'ಆರ್', 'ಏರ್', 'ಈರ್' ಎಂಬ ಈ ಮೂರು ಅಂತ್ಯಗಳೊಳಗೆ ಬರುವುದರಿಂದ, ಮೂರು ಪಟ್ಟಿಗಳನ್ನು ಅರಗಿಸಿಕೊಂಡವರಿಗೆ ಸಾವಿರಾರು ಕ್ರಿಯಾಪದಗಳ ಆಜ್ಞಾರೂಪ ಕೈವಶವಾದಂತೆಯೇ. ಹಾಗಿದ್ದ ಮೇಲೆ ಪ್ರತಿ ಕ್ರಿಯಾಪದಕ್ಕೂ ಪಟ್ಟಿ ಕೊಡುವ ಸೇವೆ ಯಾಕೆ ಬೇಕು ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಮುಂದೆ ಬರುತ್ತೇನೆ.

ಪಟ್ಟಿ ರೂಪಗಳನ್ನು ಕೊಡುತ್ತದೆ, ಅವು ಯಾಕೆ ಹಾಗಿವೆ ಎಂಬುದನ್ನು ಹೇಳುವುದಿಲ್ಲ. ಮೊದಲ ಸಲ ನೋಡುವವರನ್ನು ಗಲಿಬಿಲಿಗೊಳಿಸುವುದು 'ತೂ' ರೂಪ. ಕನ್ನಡದಲ್ಲಿ ಏಕವಚನದ ಆಜ್ಞೆಯೆಂದರೆ ಧಾತುವೇ: ಬರೆ, ಓಡು, ತಿನ್ನು. ಸ್ಪ್ಯಾನಿಷ್‌ನಲ್ಲಿ ಅದು ವರ್ತಮಾನಕಾಲದ ಪ್ರಥಮ ಪುರುಷ ಏಕವಚನದೊಂದಿಗೆ, ಅಂದರೆ 'ಅವನು ಮಾತಾಡುತ್ತಾನೆ' ಎಂಬ ರೂಪದೊಂದಿಗೆ, ಅಕ್ಷರಶಃ ಒಂದೇ ಆಗಿರುತ್ತದೆ. 'ಹ್ವಾನ್ ಆಬ್ಲ' ಎಂದರೆ ಹ್ವಾನ್ ಮಾತಾಡುತ್ತಾನೆ. ನಡುವೆ ಅಲ್ಪವಿರಾಮ ಬಿದ್ದು 'ಹ್ವಾನ್, ಆಬ್ಲ' ಎಂದಾದರೆ, ಹ್ವಾನ್, ಮಾತಾಡು. ಸಂಬೋಧನೆಯ ಅಲ್ಪವಿರಾಮವನ್ನು ಬಿಡಬಾರದೆಂದು ಅಕಾಡೆಮಿ ಪಟ್ಟು ಹಿಡಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ. ಸ್ವಾರಸ್ಯವೆಂದರೆ ಅಕಾಡೆಮಿಯ ಧ್ಯೇಯವಾಕ್ಯವೇ ಈ ಇಬ್ಬಗೆಯ ಮಾದರಿ. 'ಲೀಂಪ್ಯ, ಫೀಹ ಇ ದಾ ಎಸ್ಪ್ಲೆಂದೋರ್' ಎಂಬುದನ್ನು ಭಾಷೆಯನ್ನು ತಿಳಿಗೊಳಿಸುತ್ತದೆ, ನೆಲೆಗೊಳಿಸುತ್ತದೆ, ಅದಕ್ಕೆ ಮೆರುಗು ಕೊಡುತ್ತದೆ ಎಂದು ಅಕಾಡೆಮಿ ತನ್ನ ಕುರಿತೇ ಹೇಳಿಕೊಂಡಿದೆ. ಸಂದರ್ಭ ಗೊತ್ತಿಲ್ಲದ ವಿದ್ಯಾರ್ಥಿಯೊಬ್ಬ ಅದನ್ನು 'ತಿಳಿಗೊಳಿಸು, ನೆಲೆಗೊಳಿಸು, ಮೆರುಗು ಕೊಡು' ಎಂಬ ಅಪ್ಪಣೆಯೆಂದು ಓದಿದರೆ ವ್ಯಾಕರಣದ ದೃಷ್ಟಿಯಿಂದ ಅವನನ್ನು ತಪ್ಪೆನ್ನಲು ಬರುವುದಿಲ್ಲ.

ಗೌರವದ ರೂಪಗಳಲ್ಲಿ ಸ್ವರ ಅದಲುಬದಲಾಗುವುದನ್ನು ಗಮನಿಸಿ. 'ಆರ್' ಗುಂಪಿನವು 'ಎ'ಕಾರಕ್ಕೂ 'ಏರ್', 'ಈರ್' ಗುಂಪಿನವು 'ಅ'ಕಾರಕ್ಕೂ ಹೊರಳುತ್ತವೆ: ಆಬ್ಲ ಇದ್ದದ್ದು ಆಬ್ಲೆ, ಕೋಮೆ ಇದ್ದದ್ದು ಕೋಮ. ಇವು ಮೂಲತಃ ಆಜ್ಞಾರೂಪಗಳೇ ಅಲ್ಲ, ಹಾರೈಕೆ, ಸಂದೇಹ, ಸಾಧ್ಯತೆಗಳನ್ನು ಹೇಳುವ ಸಂಭಾವನಾರೂಪದಿಂದ ಎರವಲು ತಂದವು. 'ಉಸ್ತೇದ್' ಎಂಬ ಸರ್ವನಾಮ 'ನಿಮ್ಮ ಕೃಪೆ' ಎಂಬರ್ಥದ ಹಳೆಯ ಗೌರವವಾಚಕವೊಂದು ಸವೆದು ಹುಟ್ಟಿದ್ದರಿಂದ, ಎದುರಿಗಿರುವವರನ್ನೇ ಪ್ರಥಮ ಪುರುಷದಲ್ಲಿ ಕರೆದು 'ಅವರು ಮಾತಾಡಲಿ' ಎಂದು ಹಾರೈಸಿದಂತೆ ಹೇಳುವುದು ಅಲ್ಲಿನ ಮರ್ಯಾದೆ. ಪೌರಾಣಿಕ ನಾಟಕಗಳಲ್ಲಿ 'ಮಹಾಪ್ರಭುಗಳು ದಯಮಾಡಿಸೋಣವಾಗಲಿ' ಎಂಬ ಮಾತನ್ನು ಕೇಳಿರುವ ಕನ್ನಡಿಗರಿಗೆ ಈ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಡವುವುದು ಬೇರೆ ಕಡೆ. ನಮ್ಮ 'ಬನ್ನಿ', ಧಾರವಾಡದ ಕಡೆಯ 'ಬರ್ರಿ', ಒಬ್ಬ ಹಿರಿಯರಿಗೂ ಸಲ್ಲುತ್ತದೆ, ಹತ್ತು ಮಂದಿ ಹುಡುಗರಿಗೂ ಸಲ್ಲುತ್ತದೆ. ಸ್ಪ್ಯಾನಿಷ್‌ನಲ್ಲಿ ಒಬ್ಬರಿಗಾದರೆ 'ಆಬ್ಲೆ', ಹಲವರಿಗಾದರೆ 'ಆಬ್ಲೆನ್'. ಕೊನೆಯ 'ನ್' ಬಿಟ್ಟರೆ ಸಭೆಯಲ್ಲಿ ಒಬ್ಬರನ್ನು ಮಾತ್ರ ಕರೆದಂತಾಗುತ್ತದೆ.

ಈ ಪಟ್ಟಿಯಲ್ಲಿ ನನಗೆ ತುಂಬ ಮೆಚ್ಚುಗೆಯಾದದ್ದು 'ಬೋಸ್' ರೂಪಕ್ಕೆ 'ತೂ' ರೂಪದ ಜೊತೆಯಲ್ಲೇ ಸ್ಥಾನ ಕೊಟ್ಟಿರುವುದು. ಅರ್ಜೆಂಟೀನಾ, ಉರುಗ್ವೆ, ಪರಾಗ್ವೆಗಳಲ್ಲಿ, ಮಧ್ಯ ಅಮೆರಿಕದ ಬಹುಭಾಗದಲ್ಲಿ, ಕೊಲಂಬಿಯಾದ ಕೆಲವು ಪ್ರದೇಶಗಳಲ್ಲಿ ದಿನಬಳಕೆಯಲ್ಲಿರುವ ಈ ರೂಪವನ್ನು ಅನೇಕ ಪಠ್ಯಪುಸ್ತಕಗಳು ಅಡಿಟಿಪ್ಪಣಿಗೆ ತಳ್ಳುತ್ತವೆ. ವೆನೆಜುವೆಲಾದಲ್ಲಿ ಹುಟ್ಟಿ ಚಿಲಿಯಲ್ಲಿ ನೆಲೆಸಿದ ವೈಯಾಕರಣ ಆಂದ್ರೆಸ್ ಬೆಯ್ಯೊ ತನ್ನ ಕಾಲದಲ್ಲಿ ಅದನ್ನು ಅಶಿಷ್ಟವೆಂದು ಖಂಡಿಸಿದ್ದ. ಅದೇ ರೂಪ ಇಂದು ಮದ್ರಿದ್‌ನ ನಿಘಂಟಿನಲ್ಲಿ ಸರಿಸಮನಾಗಿ ಕೂತಿದೆ. ಆದರೆ ಓರೆಗೆರೆಯ ಆಚೆಗಿರುವುದು ಯಾವ ದೇಶದ ಮಾತು ಎಂಬ ಒಂದು ಸೂಚನೆಯೂ ಅಲ್ಲಿಲ್ಲ. ಹೊಸಬರು ಎರಡನ್ನೂ ಪರ್ಯಾಯವೆಂದು ಭಾವಿಸಿ ಒಂದೇ ವಾಕ್ಯದಲ್ಲಿ ಬೆರೆಸಿದರೆ ದೋಷ ಅವರದಲ್ಲ. ಎರಡು ರೂಪಗಳ ಹಿಂದಿನ ಚರಿತ್ರೆ ತಿಳಿದರೆ ಇಡೀ ಪಟ್ಟಿ ಸರಳವಾಗುತ್ತದೆ. ಲ್ಯಾಟಿನ್‌ನ ಬಹುವಚನ ಆಜ್ಞೆಯ 'ತೆ' ಪ್ರತ್ಯಯ ಸವೆದು ಸ್ಪ್ಯಾನಿಷ್‌ನಲ್ಲಿ 'ದ್' ಆಯಿತು, ಅದೇ 'ಅಬ್ಲಾದ್', 'ಕೊಮೇದ್', 'ಅಬ್ರೀದ್'. ಆ 'ದ್' ಕೂಡ ಉದುರಿಹೋದಾಗ ಉಳಿದದ್ದು 'ಅಬ್ಲಾ', 'ಕೊಮೇ', 'ಅಬ್ರೀ'. ಹೀಗಾಗಿ 'ಬೋಸ್' ರೂಪಗಳನ್ನು ಪ್ರತ್ಯೇಕವಾಗಿ ಬಾಯಿಪಾಠ ಮಾಡಬೇಕಾಗಿಯೇ ಇಲ್ಲ.

'ಮಾತಾಡೋಣ' ಎಂಬರ್ಥದ 'ಅಬ್ಲೇಮೊಸ್' ಈ ಪಟ್ಟಿಯಲ್ಲಿ ಸಿಗುವುದಿಲ್ಲ. ಖಾಸಗಿ ತಾಣಗಳು ಸಾಮಾನ್ಯವಾಗಿ ಅದನ್ನೂ ಆಜ್ಞಾರೂಪಗಳ ಸಾಲಿನಲ್ಲೇ ಕೊಡುವುದರಿಂದ, ಅಕಾಡೆಮಿಯ ಪುಟ ಅಪೂರ್ಣವೆಂಬ ದೂರು ಸಹಜ. ಅಕಾಡೆಮಿಯ ನಿಲುವಿನ ಪ್ರಕಾರ ಆಜ್ಞೆಯೆಂಬುದು ಎದುರಿಗಿರುವವರಿಗೆ ಮಾತ್ರ ಸಲ್ಲುತ್ತದೆ. 'ನಾವು' ಸೇರಿಕೊಂಡರೆ ಅದು ಸಂಭಾವನಾರೂಪದ ಒಂದು ಬಳಕೆ, ಹಾಗಾಗಿ ಅದನ್ನು ಮೇಲಿನ ಪಟ್ಟಿಯಲ್ಲಿ ಹುಡುಕಿಕೊಳ್ಳಬೇಕು. ನಮ್ಮ ಶಾಲಾ ವ್ಯಾಕರಣ ಬೇರೆ ದಾರಿ ಹಿಡಿದಿದೆ. 'ನೀನು ಹಾಡು', 'ನಾವು ಹಾಡೋಣ', 'ಅವರು ಹಾಡಲಿ', 'ದೇವರು ಒಳ್ಳೆಯದು ಮಾಡಲಿ' ಎಂಬ ಅಪ್ಪಣೆ, ಆಹ್ವಾನ, ಹಾರೈಕೆಗಳನ್ನೆಲ್ಲ ಅದು ವಿಧ್ಯರ್ಥಕ ಎಂಬ ಒಂದೇ ಸೂರಿನಡಿ ತರುತ್ತದೆ. ಸ್ಪ್ಯಾನಿಷ್‌ನಲ್ಲೂ 'ತೂ', 'ಬೋಸ್', 'ಬೊಸೋತ್ರೊಸ್' ಬಿಟ್ಟು ಉಳಿದವೆಲ್ಲ ಸಂಭಾವನಾರೂಪದಿಂದಲೇ ಬರುವುದರಿಂದ, ಕಲಿಯುವವರ ಮಟ್ಟಿಗೆ ಕನ್ನಡದ ವರ್ಗೀಕರಣವೇ ಹೆಚ್ಚು ಅನುಕೂಲ ಎಂಬುದು ನನ್ನ ಅಭಿಪ್ರಾಯ. ಅಕಾಡೆಮಿಯ ನಿಲುವು ಶಾಸ್ತ್ರಶುದ್ಧವೇ ಇರಬಹುದು; 'ಉಸ್ತೇದ್' ರೂಪ ಎರವಲೆಂದು ಗೊತ್ತಿದ್ದೂ ಅದನ್ನು ಪಟ್ಟಿಯಲ್ಲಿಟ್ಟು, 'ನಾವು' ಎಂಬರ್ಥದ 'ನೊಸೋತ್ರೊಸ್' ರೂಪವನ್ನು ಹೊರಗಿಟ್ಟದ್ದು ವಿದ್ಯಾರ್ಥಿಗೆ ಉಪಕಾರ ಮಾಡುವುದಿಲ್ಲ.

ಈಗ, ಮೂರು ಮಾದರಿ ಕಲಿತ ಮೇಲೂ ಈ ಸೇವೆ ಯಾಕೆ ಬೇಕು ಎಂಬ ಪ್ರಶ್ನೆ. ಉತ್ತರ ಇರುವುದು ಬರವಣಿಗೆಯಲ್ಲಿ. 'ಹುಡುಕು' ಎಂಬರ್ಥದ 'ಬುಸ್ಕಾರ್' ಕ್ರಿಯಾಪದ ಕಿವಿಗೆ ಪೂರ್ಣ ನಿಯಮಿತ: ತೂ ರೂಪ 'ಬೂಸ್ಕ', ಉಸ್ತೇದ್ ರೂಪ 'ಬೂಸ್ಕೆ'. ಕನ್ನಡ ಲಿಪಿಯಲ್ಲಿ ಬರೆದಾಗ ಏನೂ ವ್ಯತ್ಯಾಸ ಕಾಣದು. ರೋಮನ್ ಲಿಪಿಯಲ್ಲಿ ಮಾತ್ರ, 'ಸಿ' ಅಕ್ಷರದ ಮುಂದೆ 'ಇ' ಬಂದರೆ ಉಚ್ಚಾರ ಕೆಡುವುದರಿಂದ, ಅದರ ಜಾಗಕ್ಕೆ 'ಕ್ಯೂ' ಮತ್ತು 'ಯು' ಎಂಬ ಜೋಡಿ ಬರುತ್ತದೆ. 'ಹಣ ಕೊಡು' ಎಂಬರ್ಥದ 'ಪಗಾರ್' 'ಪಾಗೆ' ಆಗುವಾಗ 'ಜಿ'ಯ ನಂತರ 'ಯು' ನುಸುಳುತ್ತದೆ. 'ದಾಟು' ಎಂಬರ್ಥದ 'ಕ್ರುಸಾರ್' 'ಕ್ರೂಸೆ' ಆಗುವಾಗ 'ಝಡ್' ಹೋಗಿ 'ಸಿ' ಬರುತ್ತದೆ. 'ಎತ್ತಿಕೋ' ಎಂಬರ್ಥದ 'ರೆಕೊಹೇರ್' 'ರೆಕೋಹ' ಆಗುವಾಗ 'ಜಿ' ಹೋಗಿ 'ಜೆ' ಕೂರುತ್ತದೆ. ಉಚ್ಚಾರವನ್ನು ಕಾಪಾಡುವುದಕ್ಕಾಗಿ ಕಾಗುಣಿತವನ್ನು ಬಲಿಕೊಡುವ ಈ ವ್ಯವಹಾರದಲ್ಲಿ, ಕಿವಿಯ ಮೇಲೆ ಭರವಸೆಯಿಟ್ಟ ಕನ್ನಡಿಗರು ಮಾತಿನಲ್ಲಿ ಗೆದ್ದು ಇಮೇಲ್‌ನಲ್ಲಿ ಸೋಲುತ್ತಾರೆ. ಅಕಾಡೆಮಿಯ ಪಟ್ಟಿ ಪ್ರತಿ ಕ್ರಿಯಾಪದಕ್ಕೂ ಸಿದ್ಧ ಕಾಗುಣಿತವನ್ನು ಮುಂದಿಡುತ್ತದೆ, ಅದರ ಮಾತಿಗೆ ಮೇಲ್ಮನವಿಯಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಒತ್ತಿನ ಸಂಗತಿ. 'ಶುಚಿ ಮಾಡು' ಎಂಬರ್ಥದ 'ಲಿಂಪ್ಯಾರ್', 'ಬದಲಿಸು' ಎಂಬರ್ಥದ 'ಕಂಬ್ಯಾರ್', 'ಕಳಿಸು' ಎಂಬರ್ಥದ 'ಎಂಬ್ಯಾರ್' ಮೂರೂ ಒಂದೇ ರೀತಿ ಕೊನೆಗೊಳ್ಳುತ್ತವೆ. ಆದರೆ ಆಜ್ಞೆಯಲ್ಲಿ ಮೊದಲೆರಡು 'ಲೀಂಪ್ಯ', 'ಕಾಂಬ್ಯ' ಎಂದಾದರೆ, ಮೂರನೆಯದು 'ಎಂಬೀಯ' ಎಂದಾಗಿ 'ಇ'ಕಾರದ ಮೇಲೆ ಒತ್ತನ್ನೂ, ರೋಮನ್ ಬರಹದಲ್ಲಿ ಸ್ವರದ ತಲೆಯ ಮೇಲೆ ಹಾಕುವ ಓರೆಗೀಟಾದ ಒತ್ತುಚಿಹ್ನೆಯನ್ನೂ ಹೊರುತ್ತದೆ. ಮೂಲಕ್ರಿಯಾಪದವನ್ನು ಎಷ್ಟು ನೋಡಿದರೂ ಇದನ್ನು ಊಹಿಸಲು ಸಾಧ್ಯವಿಲ್ಲ; ಒಂದೊಂದನ್ನೂ ನೋಡಿಯೇ ತಿಳಿಯಬೇಕು. ಗ್ರಾಹಕರಿಗೆ 'ಕಡತವನ್ನು ಕಳಿಸಿ' ಎಂದು ದಿನವೂ ಬರೆಯುವ ಬೆಂಗಳೂರಿನ ಕಚೇರಿಯ ಉದ್ಯೋಗಿಗೆ ಈ ಒಂದು ಕಾರಣಕ್ಕಾದರೂ ಈ ಪುಟ ಬುಕ್‌ಮಾರ್ಕ್‌ನಲ್ಲಿರಬೇಕು.

ಸೇವೆಯ ದೊಡ್ಡ ಕೊರತೆ ಸರ್ವನಾಮಗಳ ವಿಷಯದಲ್ಲಿದೆ. ನಿಜ ಬದುಕಿನ ಆಜ್ಞೆಗಳು ಒಂಟಿಯಾಗಿ ಬರುವುದು ಅಪರೂಪ. 'ಕೊಂಡುಕೋ' ಎನ್ನುವುದಕ್ಕಿಂತ 'ಅದನ್ನು ಕೊಂಡುಕೋ' ಎನ್ನುವುದೇ ಹೆಚ್ಚು. ಸ್ಪ್ಯಾನಿಷ್‌ನಲ್ಲಿ ವಿಧಿರೂಪದ ಆಜ್ಞೆಗೆ ಸರ್ವನಾಮ ಹಿಂದಿನಿಂದ ಅಂಟಿಕೊಂಡು ಒಂದೇ ಪದವಾಗುತ್ತದೆ: 'ಕೋಂಪ್ರ' ಮತ್ತು 'ಲೊ' ಸೇರಿ 'ಕೋಂಪ್ರಲೊ', 'ಎಸ್ಕೂಚ' ಮತ್ತು 'ಮೆ' ಸೇರಿ 'ನನ್ನ ಮಾತು ಕೇಳು' ಎಂಬರ್ಥದ 'ಎಸ್ಕೂಚಮೆ'. ಒತ್ತು ಇದ್ದಲ್ಲೇ ಉಳಿಯುವುದರಿಂದ ಈಗ ಅದರ ಮೇಲೆ ಒತ್ತುಚಿಹ್ನೆ ಬರೆಯಲೇಬೇಕಾಗುತ್ತದೆ. 'ಬೋಸ್' ರೂಪದಲ್ಲಿ ಇದಕ್ಕೆ ತದ್ವಿರುದ್ಧ: 'ಕೊಂಪ್ರಾ' ಒಂಟಿಯಾಗಿದ್ದಾಗ ಒತ್ತುಚಿಹ್ನೆ ಇರುತ್ತದೆ, 'ಕೊಂಪ್ರಾಲೊ' ಆದೊಡನೆ ಅದು ಅನಗತ್ಯವಾಗಿ ಬಿದ್ದುಹೋಗುತ್ತದೆ. 'ತೊಳೆದುಕೊಳ್ಳೋಣ' ಎನ್ನಲು 'ಲಬೇಮೊಸ್'ಗೆ 'ನೊಸ್' ಸೇರಿದಾಗ ನಡುವಿನ 'ಸ್' ಹೋಗಿ 'ಲಬೇಮೊನೊಸ್' ಆಗುತ್ತದೆ. 'ಲಬಾದ್'ಗೆ 'ಒಸ್' ಸೇರಿದಾಗ 'ದ್' ಹೋಗಿ 'ಲಬಾಒಸ್' ಆಗುತ್ತದೆ. 'ಲಬಾರ್' ಕ್ರಿಯಾಪದದ ಪಟ್ಟಿಯಲ್ಲಿ ಇವು ಯಾವುವೂ ಇಲ್ಲ. ಇವುಗಳಿಗಾಗಿ 2005ರಲ್ಲಿ ಮೊದಲು ಪ್ರಕಟವಾದ, ಇದೇ ಅಕಾಡೆಮಿ ಮತ್ತು ಇತರ ದೇಶಗಳ ಸ್ಪ್ಯಾನಿಷ್ ಅಕಾಡೆಮಿಗಳು ಸೇರಿ ಸಿದ್ಧಪಡಿಸಿದ ಸಂದೇಹ ಪರಿಹಾರದ ನಿಘಂಟಿಗೆ ಹೋಗಬೇಕು. ಅದೂ ಉಚಿತ, ಅದೂ ಸೊಗಸಾಗಿದೆ, ಆದರೆ ರೂಪಾವಳಿಯ ಪುಟದಿಂದ ಅಲ್ಲಿಗೆ ಕೈಹಿಡಿದು ಕರೆದೊಯ್ಯುವವರಿಲ್ಲ. ನಿಯಮಗಳ ಬಗ್ಗೆ ಅಕಾಡೆಮಿ ಬಿಗಿಯಾಗಿದ್ದರೂ ಬಗ್ಗದೇನೂ ಇಲ್ಲ: 'ಹೋಗು' ಎಂಬ ಅನಿಯಮಿತ ಕ್ರಿಯಾಪದದ ಬಹುವಚನದಲ್ಲಿ ಜನ ಆಡುತ್ತಿದ್ದ 'ಈರೊಸ್' ಎಂಬ ರೂಪವನ್ನು 2017ರಲ್ಲಿ, ಶಾಸ್ತ್ರೀಯ 'ಈದೊಸ್' ಜೊತೆಗೆ, ಒಪ್ಪಿಕೊಂಡಿತು. ಈ ರಿಯಾಯಿತಿ ಬೇರೆ ಕ್ರಿಯಾಪದಗಳಿಗೆ ವಿಸ್ತರಿಸಿಲ್ಲ.

ಬಳಕೆಯ ಬಗ್ಗೆ ರೂಪಾವಳಿ ಮೌನಿ. ಯಾರಿಗೆ 'ತೂ', ಯಾರಿಗೆ 'ಉಸ್ತೇದ್' ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಸ್ಪೇನಿನ ಅಂಗಡಿ, ಹೋಟೆಲುಗಳಲ್ಲಿ ಅಪರಿಚಿತರೂ 'ತೂ' ರೂಪದಲ್ಲಿ 'ಪಾಸ, ಪಾಸ' ಎಂದು ಒಳಗೆ ಕರೆಯಬಹುದು. ಬೊಗೊಟಾದಲ್ಲಿ ಮನೆಯವರ ನಡುವೆಯೇ 'ಉಸ್ತೇದ್' ಕೇಳಿಸುತ್ತದೆ. ಅಮೆರಿಕ ಖಂಡದ ದೇಶಗಳಲ್ಲಿ 'ಬೊಸೋತ್ರೊಸ್' ದಿನಬಳಕೆಯಲ್ಲಿ ಇಲ್ಲದ ಕಾರಣ, ಮಕ್ಕಳ ಗುಂಪಿಗೂ 'ಆಬ್ಲೆನ್' ಎಂದೇ ಹೇಳುತ್ತಾರೆ. ಮೆಕ್ಸಿಕೋದ ಗ್ರಾಹಕರೊಂದಿಗೆ ಮಾತ್ರ ವ್ಯವಹರಿಸುವವರು 'ಅಬ್ಲಾದ್' ಸಾಲನ್ನು ಓದಿ ಅರ್ಥಮಾಡಿಕೊಂಡರೆ ಸಾಕು, ಬಾಯಿಗೆ ತಂದುಕೊಳ್ಳಬೇಕಾಗಿಲ್ಲ. ಬಾಗಿಲಿನ ಮೇಲೆ 'ತಳ್ಳಿ' ಎನ್ನಲು 'ಎಂಪೂಹೆ' ಎಂದು ಎರಡೂ ಕಡೆ ಬರೆದಿರಬಹುದು, 'ಎಳೆಯಿರಿ' ಎನ್ನಲು ಸ್ಪೇನಿನಲ್ಲಿ 'ತೀರೆ', ಮೆಕ್ಸಿಕೋದಲ್ಲಿ 'ಹಾಲೆ'. ದೂರವಾಣಿಯ ಧ್ವನಿಮುದ್ರಿತ ಸಂದೇಶಗಳಲ್ಲಿ ಸಂಖ್ಯೆ ಒತ್ತಿ ಎನ್ನುವ 'ಮಾರ್ಕೆ', ಎಟಿಎಮ್ ಪರದೆಯಲ್ಲಿ ಹೊರತೆಗೆಯಿರಿ ಎನ್ನುವ 'ರೆತೀರೆ', ಮದ್ರಿದ್ ಮೆಟ್ರೋದಲ್ಲಿ ಒಳಗೆ ನುಗ್ಗುವ ಮೊದಲು ಇಳಿಯುವವರಿಗೆ ದಾರಿ ಬಿಡಿ ಎನ್ನುವ ಫಲಕದ 'ದೇಹೆನ್', ಎಲ್ಲವೂ ನಿಯಮಿತ ಕ್ರಿಯಾಪದಗಳ ಗೌರವರೂಪಗಳೇ. ಕಂಪ್ಯೂಟರಿನ ಮೆನುಗಳಲ್ಲಿ ಮಾತ್ರ ಆಜ್ಞೆಯ ಬದಲು ಮೂಲಕ್ರಿಯಾಪದವೇ ಇರುತ್ತದೆ: ಉಳಿಸಲು 'ಗ್ವರ್ದಾರ್', ಮುದ್ರಿಸಲು 'ಇಂಪ್ರಿಮೀರ್'. ಯಾರನ್ನೂ ನಿರ್ದಿಷ್ಟವಾಗಿ ಉದ್ದೇಶಿಸದ ಸೂಚನೆಗಳಿಗೆ ಅದು ಸಲ್ಲುತ್ತದೆ. ಎದುರಿಗಿರುವ ಗೆಳೆಯರಿಗೆ 'ಅಬ್ಲಾದ್' ಎನ್ನುವ ಬದಲು 'ಅಬ್ಲಾರ್' ಎಂದರೆ ಅಕಾಡೆಮಿ ಒಪ್ಪುವುದಿಲ್ಲ, ಸ್ಪೇನಿನವರು ಮಾತಿನ ಭರದಲ್ಲಿ ಹಾಗೆಯೇ ಹೇಳುತ್ತಿದ್ದರೂ.

ಇನ್ನು ವ್ಯಾವಹಾರಿಕ ಸಂಗತಿಗಳು. ತಾಣದ ಶೀರ್ಷಿಕೆ, ವಿವರಣೆಗಳೆಲ್ಲ ಸ್ಪ್ಯಾನಿಷ್‌ನಲ್ಲೇ ಇರುವುದರಿಂದ ಮೊದಲ ವಾರದ ವಿದ್ಯಾರ್ಥಿಗೆ ಇದು ಸಲ್ಲದು. ವರ್ತಮಾನಕಾಲದ ರೂಪಗಳು ಕೈಗೆ ಹತ್ತಿದ ಮೇಲೆ ಬರುವುದು ಒಳ್ಳೆಯದು. ಆಜ್ಞಾರೂಪ ಪುಟದ ತಳದಲ್ಲಿರುವುದರಿಂದ ಮೊಬೈಲ್‌ನಲ್ಲಿ ಬಹಳ ಕೆಳಗೆ ಸರಿಸಬೇಕಾಗುತ್ತದೆ. ಅಭ್ಯಾಸ ಪ್ರಶ್ನೆಗಳಿಲ್ಲ, ಅಂಕಗಳಿಲ್ಲ, ಬೆನ್ನು ತಟ್ಟುವ ಗಂಟೆಯ ಸದ್ದಿಲ್ಲ. ಈ ಕಡೆಯದು ಇಲ್ಲದಿರುವುದನ್ನು ನಾನು ಗುಣವೆಂದೇ ಎಣಿಸುತ್ತೇನೆ. ಶಿಕ್ಷಕರೊಬ್ಬರ ಬಳಿಯೋ ಪಠ್ಯಪುಸ್ತಕದಿಂದಲೋ ಕಲಿಯುತ್ತಿರುವವರು ಮೊದಲು ತಾವೇ ಐದೂ ರೂಪಗಳನ್ನು ಕಾಗದದ ಮೇಲೆ ಬರೆದುಕೊಂಡು, ಆಮೇಲೆ ಪಟ್ಟಿ ತೆರೆದು ತಾಳೆ ನೋಡುವುದಾದರೆ ಇದರಿಂದ ಪೂರ್ಣ ಪ್ರಯೋಜನ ಸಿಗುತ್ತದೆ. ಹಾಗೆ ತಾಳೆ ನೋಡಲು 'ಬರೆ' ಎಂಬರ್ಥದ 'ಎಸ್ಕ್ರಿಬೀರ್', 'ಲಿಂಪ್ಯಾರ್', 'ಎಂಬ್ಯಾರ್', 'ಪಗಾರ್', 'ರೆಕೊಹೇರ್' ಎಂಬ ಐದು ಕ್ರಿಯಾಪದಗಳಿಂದ ಆರಂಭಿಸಬಹುದು; ಮೊದಲನೆಯದು ಯಾವ ತೊಡಕೂ ಇಲ್ಲದ ಮಾದರಿ, ಉಳಿದ ನಾಲ್ಕರಲ್ಲಿ ಮೇಲೆ ಹೇಳಿದ ಕಾಗುಣಿತ ಮತ್ತು ಒತ್ತಿನ ತೊಡಕುಗಳು ಬಹುಮಟ್ಟಿಗೆ ಎದುರಾಗುತ್ತವೆ.